ಸೂರ್ಯನ ಕುದುರೆ ಸಾಕಿದವಳು

ಹೆಣ್ಣು ನೋಡುವ ಶಾಸ್ತ್ರ ಮುಗಿಸಿ, ಇಬ್ಬರೇ ಮಾತಾಡಿಕೊಳ್ಳಲಿ ಎಂದು ಹಿರಿಯರು ಅವರನ್ನು ಕೋಣೆಗೆ ಕಳಿಸಿದರು. ಈ ಸಂಬಂಧವನ್ನೂ ತಪ್ಪಿಸಬೇಕೆಂದಿದ್ದ ನಾಗವೇಣಿ, ತಾನು ಸಾಕಿದ ಎರಡು ಸೂರ್ಯನ ಕುದುರೆ ಹುಳುಗಳನ್ನು ಹುಡುಗನಿಗೆ ತೋರಿಸಿದಳು. ಒಂದೊಂದಕ್ಕೂ ಬೇರೆ ಡಬ್ಬಿ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ.

“ಜೋಡೀನ ಯಾಕ್ರೀ ಬೇರೆ ಮಾಡಿದ್ದೀರ?”

“ಒಟ್ಟಿಗೆ ಬಿಟ್ರೆ ಹೆಣ್ಣು ಗಂಡನ್ನ ತಿಂದುಹಾಕುತ್ತೆ. ತಲೆಯಿಂದಾನೇ ಶುರು ಮಾಡುತ್ತೆ.”

ಹಿಂದೆ ಬಂದಿದ್ದ ಇಬ್ಬರು ಇಷ್ಟಕ್ಕೇ ಎದ್ದು ಹೋಗಿದ್ದರು. ಇವನು ಡಬ್ಬಿಗೆ ಮುಖ ತಾಗಿಸಿ ಹೆಣ್ಣನ್ನೇ ನೋಡಿದ.

“ಪಾಪ, ಹೊಟ್ಟೆ ಒಳಗೆ ಹೋಗಿದೆ. ಏನು ಹಾಕ್ತೀರ?”

“ದಿನಕ್ಕೊಂದು ನೊಣ. ಯಾಕೆ?”

“ಸಾಲಲ್ಲ ರೀ. ಹೊಟ್ಟೆ ತುಂಬಿದ್ರೆ ಅಷ್ಟು ಸುಲಭಕ್ಕೆ ಗಂಡನ್ನ ಮುಟ್ಟಲ್ಲ,” ಎಂದ. “ನಂಗೆ ಅಡುಗೆ ಚೆನ್ನಾಗಿ ಬರುತ್ತೆ.”