ಪೇರಲ ಹೊಗೆಯ ದೂರು

ಬೇಲಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಫಾರೆಸ್ಟ್ ಗಾರ್ಡ್ ಉಳವಪ್ಪ ಎಣಿಸಿದ. ಎಂಟು ಕಾಲು. ಹಿತ್ತಲಲ್ಲಿ ಒಂದು ಮಗ್ಗುಲು ಕತ್ತರಿಸಿದ ಹಳೇ ಎಣ್ಣೆ ಡ್ರಮ್ಮು, ಅದರೊಳಗೆ ಕಂಬಿಗೆ ಜೋತುಬಿದ್ದ ಎಂಟು ದಪ್ಪ ಕಾಲು, ಅಡಿಯಿಂದ ಸಣ್ಣಗೆ ಹೊಗೆ. ಕೋಳಿಯ ಕಾಲು ಇಷ್ಟು ದಪ್ಪ ಇರುವುದಿಲ್ಲವೆಂದು ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಅವನಿಗೂ ಗೊತ್ತಿತ್ತು. ನವಿಲೇ ಇರಬೇಕು! ಎದೆ ಡವಡವ ಹೊಡೆದುಕೊಂಡಿತು.

ಹೊಡೆದುಕೊಳ್ಳದೆ ಏನು? ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಅಲೆದು ಹನ್ನೆರಡು ವರ್ಷ ಸವೆಸಿದ್ದರೂ ಅವನ ಹೆಸರಿನಲ್ಲಿ ಒಂದೇ ಒಂದು ಕೇಸಿರಲಿಲ್ಲ. "ಆನಿ ಕದ್ದೊಯ್ದರೂ ಉಳವಪ್ಪ ದಾರಿ ಬಿಟ್ಟು ನಿಲ್ತಾನ" ಎಂದು ಕಚೇರಿಯವರು ಆಡಿಕೊಂಡು ನಗುತ್ತಿದ್ದರು. ಇದೊಂದು ಕೇಸು ಸಿಕ್ಕರೆ ಆ ಬಾಯಿಗಳಿಗೆಲ್ಲ ಬೀಗ ಬೀಳುತ್ತಿತ್ತು.

ದೂರು ಬಂದದ್ದು ಸೋಮವಾರ. ರೇಂಜರ್ ಸಾಹೇಬರ ಮೇಜಿನ ಮೇಲೆ ಬೇಲಿ ಬೇಕೆಂಬ ಅರ್ಜಿ, ರಸ್ತೆ ಬೇಕೆಂಬ ಅರ್ಜಿ, ಪ್ರವಾಸಿಗರ ಕ್ಯಾಂಟೀನಿಗೆ ಅಡಿಗೆ ಒದಗಿಸುತ್ತೇವೆಂಬ ಅರ್ಜಿ ಎಲ್ಲವೂ ಧೂಳು ತಿನ್ನುತ್ತ ಬಿದ್ದಿರುತ್ತವೆ. ದೂರು ಬಂದರೆ ಮಾತ್ರ ಜೀಪು ಹೊರಡುತ್ತದೆ.

ಪತ್ರಕ್ಕೆ ಸಹಿ ಇರಲಿಲ್ಲ. "ಕಾತರಿನಾ ಎಂಬ ಹೆಂಗಸು ತನ್ನ ಹಿತ್ತಲಲ್ಲಿ ದೊಡ್ಡ ಹಕ್ಕಿಯ ಕಾಲುಗಳನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಸಿ, ಪೇರಲ ಕಟ್ಟಿಗೆಯ ಹೊಗೆಯಲ್ಲಿ ಐದು ತಾಸು ಬೇಯಿಸುತ್ತಾಳೆ. ಗುರುವಾರ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬನ್ನಿ. ಸಾಹೇಬರು ಖುದ್ದು ಬರಬೇಕು. ಮಾಂಸದ ರುಚಿ ಬಲ್ಲ ಒಬ್ಬರು ಜೊತೆಗಿರಲಿ."

ಎಂಥ ಅಚ್ಚುಕಟ್ಟಾದ ದೂರು ಎಂದು ಉಳವಪ್ಪ ಮೆಚ್ಚಿಕೊಂಡಿದ್ದ. ರುಚಿ ಬಲ್ಲವನಾಗಿ ಕ್ಯಾಂಟೀನಿನ ಅಡಿಗೆಯವ ದ್ಯಾಮಪ್ಪನೂ ಜೀಪು ಹತ್ತಿದ.

ಸರಿಯಾಗಿ ಒಂದು ಗಂಟೆ. ಉಳವಪ್ಪ ಸೀಟಿ ಊದಿ ಬೇಲಿ ಜಿಗಿದ. ಮುಳ್ಳಿಗೆ ಸಿಕ್ಕು ಖಾಕಿ ಪ್ಯಾಂಟು ಪರ್ರೆಂದಿತು.

"ಅಲ್ಲೇ ನಿಲ್ರಿ! ಯಾರೂ ಕೈ ಹಚ್ಚಬ್ಯಾಡ್ರಿ!"

ಕಾತರಿನಾ ಬೆಚ್ಚಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು. "ಬರ್ರಿ, ಬರ್ರಿ. ಈಗ ಇಳಸೂದಿತ್ತು."

ಪಡಸಾಲೆಯಲ್ಲಿ ತಟ್ಟೆಗಳು ತೊಳೆದು ಸಾಲಾಗಿ ಕವುಚಿದ್ದವು. ಗಿರಾಕಿ ಬರುವ ಹೊತ್ತಿಗೇ ಹಿಡಿದೆನೆಂದು ಉಳವಪ್ಪ ಹಿಗ್ಗಿ ಹೀರೇಕಾಯಾದ.

"ನವಲಿನ ತಲಿ ಎಲ್ಲಿ?" ದ್ಯಾಮಪ್ಪನ ಜೊತೆ ಬಾಗಿಲಿನಿಂದ ಒಳಬಂದ ಸಾಹೇಬರು ಗದರಿದರು.

ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ನಾಲ್ಕು ಬೋಳು ತಲೆ, ಕುತ್ತಿಗೆಗೆ ಕೆಂಪು ಜೋಲು ಚರ್ಮ. ಹಿಂದಿನ ಗೂಡಿನಿಂದ ಉಳಿದವು ಗುಳುಗುಳು ಎಂದು ಕೂಗಿದವು.

"ಟರ್ಕಿ ಕೋಳಿ ರೀ ಸಾಹೇಬ್ರ. ನಾನ ಸಾಕಿದ್ದು."

ಉಳವಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಹನ್ನೆರಡು ವರ್ಷ ಕಾದಿದ್ದ ಕೇಸು ಹೊಗೆಯಲ್ಲಿ ಹೋಯಿತು. ಸಾಹೇಬರು ಮಾತ್ರ ಹೊಗೆಯ ಕಡೆಗೇ ಮೂಗು ಎತ್ತಿ ನಿಂತಿದ್ದರು.

"ಬಿಸಿಲಾಗ ಬಂದೀರಿ. ಹಂಗ ಹೋಗಬ್ಯಾಡ್ರಿ" ಎಂದು ಕಾತರಿನಾ ಬೋರಲಿದ್ದ ತಟ್ಟೆಗಳನ್ನು ತಿರುಗಿಸಿಟ್ಟಳು. "ಉಳವಪ್ಪಣ್ಣಾರಿಗೆ ಬ್ಯಾರೆ ಒಲಿ ಮ್ಯಾಲ ಉಪ್ಪಿಟ್ಟು ಮಾಡೇನಿ."

ದ್ಯಾಮಪ್ಪ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಸಾಹೇಬರು ಮೊದಲ ಕಾಲಿಗೆ ತಲೆದೂಗಿದರು, ಎರಡನೆಯದಕ್ಕೆ ಬೆಲ್ಟು ಸಡಿಲಿಸಿದರು. ಮೂರನೆಯದನ್ನು ಕಚ್ಚುತ್ತಲೇ, "ದ್ಯಾಮಪ್ಪ, ಪ್ರತಿ ಶನಿವಾರ ಕ್ಯಾಂಟೀನಿಗೆ ಇಪ್ಪತ್ತು ಕಾಲು ತರಸು. ಖಾಯಂ" ಎಂದರು.

ಉಳವಪ್ಪ ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ತಳ್ಳಿದ. ಅಳು ಬರುವಷ್ಟು ಸಿಟ್ಟು ಬಂದಿತ್ತು. ನಾಳೆ ಕಚೇರಿಯಲ್ಲಿ ಏನೇನು ಅನ್ನುತ್ತಾರೋ! ತಟ್ಟೆ ಕುಕ್ಕಿ ಎದ್ದ.

"ಸುಳ್ಳು ದೂರು ಕೊಟ್ಟವರನ್ನ ಬಿಡಂಗಿಲ್ಲ! ಹುಡುಕಿ ಹಿಡೀತೇನಿ. ನನ್ನ ಮೊದಲ ಕೇಸು ಅದ!"

ಕಾತರಿನಾ ಅವನ ತಟ್ಟೆಗೆ ಇನ್ನೊಂದು ಚಮಚ ಉಪ್ಪಿಟ್ಟು ಹಾಕಿ, ಸಾಹೇಬರಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಸುಳ್ಳು ಎಲ್ಲೈತಿ ಅಣ್ಣಾರ? ದೊಡ್ಡ ಹಕ್ಕಿ ಅಂತ ಬರದೇನಿ, ನವಲ ಅಂದಿಲ್ಲ. ಕ್ಯಾಂಟೀನಿಗೆ ಮೂರ ಸಲ ಅರ್ಜಿ ಬರದ್ರ ಒಬ್ಬರೂ ಬರಲಿಲ್ಲ. ದೂರು ಒಂದ ಸಲ ಬರದೆ, ಸಾಹೇಬ್ರ ಖುದ್ದ ಬಂದ್ರು ನೋಡ್ರಿ."