ಸಿಂಗಲ್ ಹ್ಯಾಂಡ್ ಗಾಡಿ

“ಹೆಡ್‌ಲೈಟ್ ಯಾವಾಗ ಬದಲಾಯಿಸಿದ್ರಿ ಸಾರ್?”

ಹಳೇ ಬೈಕುಗಳನ್ನು ಕೊಂಡು ಮಾರುವ ಅಂಗಡಿಯವನು ಗಾಜಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೇಳಿದ. ಬೈಕು ತಂದಿದ್ದ ಗಡಿಯಾರ ರಿಪೇರಿಯವನು ತಾನೂ ಬಗ್ಗಿ ಗಾಜನ್ನು ನೋಡಿದ. ಕೂದಲೆಳೆಯಷ್ಟು ವ್ಯತ್ಯಾಸ ಕಂಡುಹಿಡಿಯುವ ತನ್ನ ಕಣ್ಣಿಗೇ ಅದು ಹೊಸದೆಂದು ಗೊತ್ತಾಗುತ್ತಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು?

“ಗೇಟಿಗೆ ತಾಗಿತ್ತು,” ಎಂದ.

“ಗೇಟಿಗೋ, ಇನ್ಯಾವುದಕ್ಕೋ.” ಅಂಗಡಿಯವನು ಗಾಡಿಯ ನಂಬರನ್ನೂ ಅವನ ಫೋನ್ ನಂಬರು, ಮನೆ ವಿಳಾಸವನ್ನೂ ಪುಸ್ತಕದಲ್ಲಿ ಗೀಚಿಕೊಂಡ. “ನೋಡಿ ಸಾರ್, ಶೋರೂಮಿನ ಬಾಗಿಲು ದಾಟಿದ ಕ್ಷಣಕ್ಕೇ ಹೊಸ ಗಾಡಿ ಹಳೇದಾಗುತ್ತೆ. ನಿಮ್ಮದು ಪೆಟ್ಟು ತಿಂದ ಗಾಡಿ ಬೇರೆ. ಕೊಟ್ಟಿದ್ದರಲ್ಲಿ ಅರ್ಧ ಬಂದರೆ ನಿಮ್ಮ ಪುಣ್ಯ.”

“ನಾಲ್ಕು ತಿಂಗಳೂ ಆಗಿಲ್ಲ.”

“ಅದಕ್ಕೇ ಅನುಮಾನ. ನಾಲ್ಕು ವರ್ಷ ಆಗಿದ್ರೆ ಯಾರೂ ಏನೂ ಕೇಳ್ತಿರಲಿಲ್ಲ.” ಪುಸ್ತಕ ಮುಚ್ಚಿದ. “ಒಳ್ಳೇ ಪಾರ್ಟಿ ಸಿಕ್ಕಿದರೆ ನಿಮ್ಮ ಮನೆಗೇ ಕಳಿಸ್ತೀನಿ, ಬಿಡಿ.”

ಏಳು ವರ್ಷ ತನ್ನ ಗಡಿಯಾರದಂಗಡಿಗೆ ನಡೆದೇ ಹೋಗಿ, ಉಳಿಸಿದ ದುಡ್ಡಲ್ಲಿ ಕೊಂಡ ಗಾಡಿ. ಮಳೆ ಬಂದರೆ ತಾನು ನೆನೆದು ಅದಕ್ಕೆ ಹೊದಿಕೆ ಹಾಕುತ್ತಿದ್ದ. ಗಡಿಯಾರ ಒರೆಸುವ ಬಟ್ಟೆಯಲ್ಲೇ ಅದರ ಟ್ಯಾಂಕನ್ನೂ ಒರೆಸುತ್ತಿದ್ದ. ಮಾರುವ ಯೋಚನೆ ಅವನದಲ್ಲ, ಭಾಮೈದನದು.

ತಾಯಿ ಸತ್ತಾಗ ಭಾಮೈದ ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ಅಕ್ಕನೇ ಸಾಕಿದ್ದು. ಮದುವೆಯಾಗಿ ಬರುವಾಗ ಜೊತೆಗೇ ಕರೆತಂದಿದ್ದಳು. ಈಗ ಮೀಸೆ ಬಂದಿದ್ದರೂ ಅವನು ಕೇಳಿದ್ದಕ್ಕೆ ಇಲ್ಲವೆನ್ನಲು ಅವಳಿಗೆ ಬಾಯಿ ಬಾರದು. ಹೋದ ತಿಂಗಳು ಒಂದು ಭಾನುವಾರ, “ಒಂದೇ ಒಂದು ಸಲ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಅವಳು ಗಂಡನ ಬೆನ್ನು ಬಿದ್ದು ಕೀಲಿಕೈ ಕೊಡಿಸಿದಳು.

ಸಂಜೆ ಭಾಮೈದ ಬೈಕನ್ನು ತಳ್ಳಿಕೊಂಡು ಬಂದ. ಹೆಡ್‌ಲೈಟ್ ಚೂರಾಗಿತ್ತು. “ಗೇಟಿನ ಕಂಬ, ಭಾವ,” ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿದ. ಮಾರನೆಯ ದಿನ ತನ್ನದೇ ದುಡ್ಡಿನಲ್ಲಿ ಹೊಸ ಹೆಡ್‌ಲೈಟ್ ಹಾಕಿಸಿಕೊಟ್ಟ. ಜನ್ಮದಲ್ಲಿ ಯಾರಿಗೂ ಒಂದು ಲೋಟ ಚಹಾ ಕುಡಿಸದವನು. ಹುಡುಗನಿಗೆ ಅಂತೂ ಬುದ್ಧಿ ಬಂತು ಎಂದುಕೊಂಡ ಭಾವ.

ವಾರ ಕಳೆದ ಮೇಲೆ ಹೊಸ ರಾಗ ಶುರುವಾಯಿತು. “ಮಾರಿಬಿಡಿ ಭಾವ. ಹೊಸ ಮಾಡೆಲ್ ಬರ್ತಾ ಇದೆ. ಅದು ಬಂದ ದಿನ ಇದನ್ನ ಮೂಸಿ ನೋಡೋರೂ ಇರಲ್ಲ.” ಎದ್ದರೂ ಅದೇ, ಕೂತರೂ ಅದೇ. ಅಕ್ಕನೂ ದನಿಗೂಡಿಸಿದಳು. ಅವನು ಸೋತ.

ಹಳೇ ಬೈಕಿನ ಅಂಗಡಿಯಿಂದ ಬರುವಾಗ ಅವನು ಒಂದು ಪಾಠ ಕಲಿತಿದ್ದ. ಗೇಟು ಎಂಬ ಎರಡಕ್ಷರಕ್ಕೆ ಅರ್ಧ ಬೆಲೆ ಹೋಗಿತ್ತು. ಇನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಾರ್ಟಿ ಬಂತು. ಐವತ್ತರ ಆಸುಪಾಸಿನ ಹೆಂಗಸು, ಜೊತೆಗೊಬ್ಬ ಗಟ್ಟಿಮುಟ್ಟಾದ ಗಂಡಸು. “ಅಂಗಡಿಯವರು ನಿಮ್ಮ ನಂಬರ್ ಕೊಟ್ಟರು,” ಎಂದಳು ಹೆಂಗಸು. ಭಾಮೈದ ಕಿಟಕಿಯಿಂದ ಇಣುಕಿ, ಏನೋ ಕೆಲಸವಿದೆ ಎಂದು ಹಿತ್ತಲ ಬಾಗಿಲಿಂದ ಹೊರಟುಹೋದ.

ಗಂಡಸು ಇಂಜಿನ್ ಚಾಲೂ ಮಾಡಲಿಲ್ಲ, ಓಡಿಸಿಯೂ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಮುಂದಿನ ಮಡ್‌ಗಾರ್ಡಿನ ಒಳಗೆ ಬಗ್ಗಿ ನೋಡಿದ. ಗಾಡಿಯ ಗಂಧಗಾಳಿ ಇಲ್ಲದ ಜನ, ಒಳ್ಳೆಯದೇ ಆಯಿತು ಎಂದುಕೊಂಡ ಗಡಿಯಾರದವನು.

“ಎಷ್ಟು ಹೇಳ್ತೀರಿ?” ಹೆಂಗಸು ಕೇಳಿದಳು.

ಅವನು ಎದೆ ಗಟ್ಟಿ ಮಾಡಿಕೊಂಡು, ಹೊಸದಕ್ಕೆ ಕೊಟ್ಟ ಬೆಲೆಗಿಂತ ತುಸುವೇ ಕಡಿಮೆ ಹೇಳಿದ.

ಅವಳು ಚೌಕಾಸಿ ಮಾಡಲಿಲ್ಲ. “ನೀವೊಬ್ಬರೇ ಓಡಿಸಿದ್ದಾ?”

“ಸಿಂಗಲ್ ಹ್ಯಾಂಡ್ ಗಾಡಿ ಅಮ್ಮ.”

“ಒಂದು ದಿನದ ಮಟ್ಟಿಗೂ ಯಾರಿಗೂ ಕೊಟ್ಟಿಲ್ಲವಾ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅವನು ಕಣ್ಣಲ್ಲೇ ಗದರಿದ. “ಒಂದು ಗಂಟೆ ಮಟ್ಟಿಗೂ ಇಲ್ಲ.”

“ಬರೆದುಕೊಡ್ತೀರಾ?”

ಬೆಲೆ ಕೈಜಾರುವ ಮೊದಲು ಅವನು ಕಾಗದ ತಂದ. ಕೊಂಡ ದಿನದಿಂದ ಇಂದಿನವರೆಗೆ ತಾನಲ್ಲದೆ ಬೇರೆ ಯಾರೂ ಈ ಗಾಡಿ ಓಡಿಸಿಲ್ಲವೆಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ತಾರೀಖನ್ನೂ ಹಾಕಿದ.

ಹೆಂಗಸು ಎರಡು ಸಲ ಓದಿದಳು. ಕಾಗದವನ್ನು ಜೊತೆಗಿದ್ದವನಿಗೆ ಕೊಟ್ಟಳು. ಅವನು ಅದನ್ನು ಮಡಿಸಿ ಒಳಜೇಬಿನಲ್ಲಿಟ್ಟು, ಅದೇ ಜೇಬಿನಿಂದ ಪೊಲೀಸ್ ಗುರುತಿನ ಚೀಟಿ ತೆಗೆದ.

“ಹೋದ ತಿಂಗಳು ಮೂರನೇ ಭಾನುವಾರ, ಸೇತುವೆ ಹತ್ತಿರ ಇವರ ಗಂಡನಿಗೆ ಗುದ್ದಿ ನಿಲ್ಲಿಸದೆ ಹೋದ ಗಾಡಿ ಇದು. ಒಡೆದ ಗಾಜು ನಮ್ಮ ಹತ್ತಿರ ಇದೆ. ಇಂಥ ಗಾಡಿ ಬಂದರೆ ತಿಳಿಸಿ ಅಂತ ಎಲ್ಲಾ ಅಂಗಡಿಗೂ ಹೇಳಿದ್ವಿ. ಓಡಿಸಿದವರು ಯಾರು ಅನ್ನೋದೊಂದು ಬಾಕಿ ಇತ್ತು.”

“ಎರಡು ಗಂಟೆ ಜೀವ ಇತ್ತು ಅವರಿಗೆ,” ಎಂದಳು ಹೆಂಗಸು. ದನಿ ಏರಲಿಲ್ಲ. “ನೀವು ನಿಲ್ಲಿಸಿದ್ದರೆ ಸಾಕಿತ್ತು.”

ಗಡಿಯಾರದವನು ಪೊಲೀಸನ ಒಳಜೇಬಿನ ಕಡೆ ಕೈ ಚಾಚಿದ. “ನಾನಲ್ಲ. ಅವತ್ತು ಗಾಡಿ ಭಾಮೈದನ ಕೈಯಲ್ಲಿತ್ತು. ಬೆಲೆ ಬರಲಿ ಅಂತ ಹಾಗೆ ಬರೆದೆ ಸಾರ್. ಬೇಕಾದರೆ ಇವಳನ್ನ ಕೇಳಿ.”

ಪೊಲೀಸ್ ಬಾಗಿಲ ಕಡೆ ತಿರುಗಿದ. “ಹೌದೇನಮ್ಮ?”

ಅವಳು ತೆರೆದೇ ಇದ್ದ ಹಿತ್ತಲ ಬಾಗಿಲನ್ನು ನೋಡಿದಳು. ಗಂಡನ ಮುಖ ನೋಡಲಿಲ್ಲ.

“ನನ್ನ ತಮ್ಮನಿಗೆ ಗಾಡಿ ಓಡಿಸೋಕೇ ಬರಲ್ಲ ಸಾರ್.”