ಸ್ಟೇಜ್ ಮೇಲೆ ಸುಮ್ಮನೆ ಕೂತಿದ್ದ ಲೆಸ್ಲಿ ಅಂಕಲ್

ಮೂರು ನಿಮಿಷ ಬಿಡುವಿದ್ದರೆ ಓದಿ... ಓದುವಾಗ ನಿಮಗೆ ಯಾರಾದರೂ ನೆನಪಾದರೆ, ಮುಗಿಸಿದ ಮೇಲೆ ಅವರಿಗೊಂದು ಫೋನ್ ಮಾಡಿ.

1972ರ ಬೆಂಗಳೂರು. ಶ್ರೀವತ್ಸನಿಗೆ ಇಪ್ಪತ್ತೊಂದು ವರ್ಷ. ಕಾಲೇಜು ಹುಡುಗರ ಒಂದು ಬ್ಯಾಂಡ್‌ಗೆ ಅವನೇ ಹಾಡುಗಾರ, ಅವನೇ ಲೀಡರ್.

ಆಗ ಅಮೆರಿಕದಲ್ಲಿ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ರಾಕ್ ಜೊತೆ ಬೆರೆಸಿ ಹಾಡುವ ಹೊಸ ಗಾಳಿ ಎದ್ದಿತ್ತು. ಯಾರೋ ತಂದುಕೊಟ್ಟ ಅಂಥದ್ದೊಂದು ರೆಕಾರ್ಡ್ ಕೇಳಿ ಶ್ರೀವತ್ಸನಿಗೆ ಹುಚ್ಚು ಹಿಡಿದಿತ್ತು.

ಅದರಲ್ಲಿ ಒಂದು ವಾದ್ಯ... ಮನುಷ್ಯರೇ ಬಿಕ್ಕಿ ಅತ್ತ ಹಾಗೆ ಕೇಳುತ್ತಿತ್ತು.

ಅದು ಪೆಡಲ್ ಸ್ಟೀಲ್ ಗಿಟಾರ್. ಮೇಜಿನಂತೆ ಅಡ್ಡಲಾಗಿ ಇಟ್ಟುಕೊಂಡು, ತಂತಿಗಳ ಮೇಲೆ ಸ್ಟೀಲ್ ತುಂಡು ಜಾರಿಸುತ್ತಾ, ಕಾಲಲ್ಲಿ ಪೆಡಲ್ ಒತ್ತಿ ಸ್ವರವನ್ನು ಬಾಗಿಸುವ ವಾದ್ಯ.

ಬೆಂಗಳೂರೆಲ್ಲ ಹುಡುಕಿದರೂ ಅದನ್ನು ನುಡಿಸುವವರು ಸಿಗಲಿಲ್ಲ. ಕೊನೆಗೆ ಒಬ್ಬರು ಹೇಳಿದರು: "ಕೆಜಿಎಫ್‌ನಲ್ಲಿ ಲೆಸ್ಲಿ ರೊಜಾರಿಯೊ ಅಂತ ಇದ್ದಾರೆ, ಹೋಗಿ ಕೇಳಿ ನೋಡು."

ಲೆಸ್ಲಿ ಚಿನ್ನದ ಗಣಿಯಲ್ಲಿ ಫಿಟ್ಟರ್. ವಯಸ್ಸು ಐವತ್ನಾಲ್ಕು. ಹಳೇ ಹವಾಯಿಯನ್ ಗಿಟಾರಿಗೆ ಸೈಕಲ್ ಬ್ರೇಕಿನ ವೈರು, ಕಬ್ಬಿಣದ ಸಲಾಕೆ ಜೋಡಿಸಿ ಪೆಡಲ್‌ಗಳನ್ನು ತಾವೇ ಮಾಡಿಕೊಂಡಿದ್ದರು.

"ಚರ್ಚಲ್ಲಿ ನುಡಿಸ್ತೀನಿ, ನಂಗಷ್ಟು ಸಾಕು ಮ್ಯಾನ್. ನಿಮ್ ಹುಡುಗ್ರ ಮಧ್ಯೆ ನಾನ್ಯಾಕೆ?" ಅಂದರು.

ಶ್ರೀವತ್ಸ ಬಿಡಲಿಲ್ಲ. ಮೂರು ಭಾನುವಾರ ರೈಲು ಹತ್ತಿ ಹೋಗಿ ಬೇಡಿಕೊಂಡ. "ಅಂಕಲ್, ನೀವಿಲ್ಲದಿದ್ರೆ ನಮ್ ಬ್ಯಾಂಡೇ ಇಲ್ಲ."

ನಾಲ್ಕನೇ ಸಲಕ್ಕೆ ಲೆಸ್ಲಿ ಅಂಕಲ್ ಒಪ್ಪಿದರು.

ಊರಿನ ಬ್ಯಾಂಡ್‌ಗಳ ನಡುವಿನ ಸ್ಪರ್ಧೆಯ ದಿನ ಬಂತು. ಕಾಲೇಜು ಮೈದಾನ, ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಹನ್ನೆರಡು ಬ್ಯಾಂಡ್‌ಗಳು. ಗೆದ್ದವರಿಗೆ ಮದ್ರಾಸಿನಲ್ಲಿ ಒಂದು ರೆಕಾರ್ಡಿಂಗ್...

ಲೆಸ್ಲಿ ಅಂಕಲ್ ಬಿಳಿ ಶರ್ಟು ಇನ್ ಮಾಡಿಕೊಂಡು, ಸ್ಟೇಜಿನ ಮೇಲೆ ತಮ್ಮ ಗಿಟಾರ್ ಬಿಚ್ಚಿಟ್ಟು ಕೂತರು.

ಮುಂದಿನ ಸಾಲಿನಲ್ಲಿದ್ದ ಎದುರಾಳಿ ಬ್ಯಾಂಡಿನ ಗಿಟಾರಿಸ್ಟ್ ನವೀದ್ ಎದ್ದು ನಿಂತು ಕೂಗಿದ: "ಏಯ್, ಯಾರೋ ಅದು? ಇಸ್ತ್ರಿ ಅಂಗಡಿಯವ್ರನ್ನ ಕರ್ಕೊಂಡ್ ಬಂದಿದೀರಾ?"

ಮೇಜಿನಂಥ ಗಿಟಾರ್, ಕೈಯಲ್ಲಿ ಸ್ಟೀಲ್ ತುಂಡು... ಇಸ್ತ್ರಿ ಹಾಕಲು ಕೂತವರ ಹಾಗೇ ಕಾಣುತ್ತಿತ್ತು. ಇಡೀ ಮೈದಾನ ನಕ್ಕಿತು. ಆಮೇಲೆ "ಇಸ್ತ್ರಿ... ಇಸ್ತ್ರಿ..." ಅಂತ ತಾಳ ಹಾಕತೊಡಗಿತು.

ಶ್ರೀವತ್ಸನ ಮುಖ ಕೆಂಪಾಯಿತು. ಮೂರು ಭಾನುವಾರ ಬೇಡಿಕೊಂಡವನು... ಈಗ ಬಗ್ಗಿ ಅವರ ಕಿವಿಯಲ್ಲಿ ಹೇಳಿದ:

"ಅಂಕಲ್, ನೀವು ನುಡಿಸ್ಬೇಡಿ. ಸುಮ್ನೆ ಕೂತಿರಿ, ಪ್ಲೀಸ್."

ಲೆಸ್ಲಿ ಅಂಕಲ್ "ಸರಿ ಮ್ಯಾನ್," ಅಂದು ತಂತಿಯಿಂದ ಕೈ ತೆಗೆದರು.

ಮೊದಲ ಹಾಡು ಮುಗಿಯಿತು. ಅವರು ಹಾಗೇ ಕೂತಿದ್ದರು.

ಎರಡನೇ ಹಾಡು. ಎರಡು ಸಾವಿರ ಜನರ ಎದುರು, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಹಾಗೇ...

ಮೂರನೆಯದು ನಿಧಾನದ ಹಾಡು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಶ್ರೀವತ್ಸನ ಸ್ವರ ಒಡೆಯಿತು. ಸಾಲೇ ಮರೆತುಹೋಯಿತು.

ಡ್ರಮ್ ಬಾರಿಸುತ್ತಿದ್ದವನು ಗಾಬರಿಯಾಗಿ ನಿಲ್ಲಿಸಿಬಿಟ್ಟ.

ಮೈದಾನದಲ್ಲಿ ಸಿಳ್ಳೆ, ಕೂಗು. ಕಾಗದದ ಉಂಡೆಗಳು ಸ್ಟೇಜಿಗೆ ಬಂದು ಬೀಳತೊಡಗಿದವು. ಒಂದು ಅವನ ಎದೆಗೇ ಬಡಿಯಿತು.

ಹತ್ತು ಸೆಕೆಂಡ್... ಹದಿನೈದು ಸೆಕೆಂಡ್...

ಆಗ ಅವನ ಹಿಂದಿನಿಂದ ಒಂದೇ ಒಂದು ಸ್ವರ ಎದ್ದಿತು.

ಸಣ್ಣಗೆ. ನಿಧಾನಕ್ಕೆ ಮೇಲೇರಿ, ಅಲ್ಲೇ ನಡುಗಿ, ಪೆಡಲ್ ಒತ್ತಿದಾಗ ಮೆಲ್ಲಗೆ ಬಾಗಿತು. ಯಾರೋ ಅಳು ತಡೆದುಕೊಂಡು ಮಾತಾಡಲು ಹೊರಟ ಹಾಗೆ.

ಕೂಗುತ್ತಿದ್ದವರು ಕೂಗು ನಿಲ್ಲಿಸಿದರು.

ಲೆಸ್ಲಿ ಅಂಕಲ್ ತಮ್ಮ ಕೈಚಳಕ ಏನೂ ತೋರಿಸಲಿಲ್ಲ. ಶ್ರೀವತ್ಸ ಮರೆತ ಆ ಸಾಲನ್ನೇ ಪೂರ್ತಿ ನುಡಿಸಿ, ಅವನು ಹಾಡಬೇಕಾದ ಜಾಗಕ್ಕೆ ತಂದು ನಿಲ್ಲಿಸಿದರು. ಕತ್ತೆತ್ತಿ ಅವನನ್ನು ನೋಡಿದರು.

ಅವನು ಹಾಡಲಿಲ್ಲ.

ಅವರು ಮತ್ತೆ ಅದೇ ಸಾಲು ನುಡಿಸಿದರು. ಮತ್ತೆ ಅದೇ ಜಾಗದಲ್ಲಿ ಕಾದರು.

ಈ ಸಲ ಶ್ರೀವತ್ಸನ ಬಾಯಿಂದ ಹಾಡು ಬಂತು. ಕಣ್ಣಲ್ಲಿ ನೀರೂ ಬಂತು. ಕೊನೆಯವರೆಗೂ ಹಾಡಿದ... ಮೈದಾನದಲ್ಲಿ ಒಬ್ಬರೂ ಮಿಸುಕಲಿಲ್ಲ.

ಬಹುಮಾನ ಶ್ರೀವತ್ಸನ ಬ್ಯಾಂಡ್‌ಗೆ ಸಿಗಲಿಲ್ಲ. ಗೆದ್ದದ್ದು ನವೀದ್‌ನ ಬ್ಯಾಂಡ್.

ಸ್ಟೇಜಿನ ಹಿಂದೆ ಗಿಟಾರಿನ ಕಾಲುಗಳನ್ನು ಬಿಚ್ಚುತ್ತಿದ್ದ ಲೆಸ್ಲಿ ಅಂಕಲ್ ಮುಂದೆ ಶ್ರೀವತ್ಸ ಕುಸಿದು ಕೂತ.

"ಅಂಕಲ್, ಅಷ್ಟು ಜನರ ಮುಂದೆ ನಿಮಗೆ ಅವಮಾನ ಮಾಡ್ದೆ. ನೀವ್ಯಾಕೆ ನನ್ನ ಉಳಿಸಿದ್ರಿ?"

ಅವರು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದರು.

"ನೋಡು ಮ್ಯಾನ್, ನಾನು ಮೂವತ್ತು ವರ್ಷ ಅಂಡರ್‌ಗ್ರೌಂಡ್ ಕೆಲ್ಸ ಮಾಡ್ದೋನು. ಕೆಳಗೆ ಒಬ್ಬ ಸಿಕ್ಕಾಕೊಂಡ್ರೆ, ಇವ್ನು ಬೆಳಿಗ್ಗೆ ನನಗೆ ಏನಂದ ಅಂತ ಯಾರೂ ಯೋಚ್ನೆ ಮಾಡಲ್ಲ... ಹಗ್ಗ ಇಳಿಸ್ತೀವಿ, ಅಷ್ಟೇ."

ಶ್ರೀವತ್ಸ ಅವರ ಕೈಗಳನ್ನು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ.

ಮುಂದಿನ ಭಾನುವಾರ ಅವನು ಮತ್ತೆ ಕೆಜಿಎಫ್‌ಗೆ ಹೋದ, ಈ ಸಲ ಕಲಿಯುವುದಕ್ಕೆ. ಬಾಗಿಲು ತೆರೆದೇ ಇತ್ತು. ಒಳಗೆ ನೆಲದ ಮೇಲೆ, ಕೈಯಲ್ಲಿ ಸ್ಟೀಲ್ ತುಂಡು ಹಿಡಿದುಕೊಂಡು ಒಬ್ಬ ಆಗಲೇ ಕೂತಿದ್ದ.

ನವೀದ್!

ಅವನು ತಲೆ ತಗ್ಗಿಸಿ ಹೇಳಿದ: "ನಾವು ಗೆದ್ವಿ, ನಿಜ. ಆದ್ರೆ ಅವತ್ತಿನಿಂದ ನನ್ ಕಿವೀಲಿ ಇವರ ಆ ಒಂದು ಸ್ವರಾನೇ ಇದೆ ಕಣೋ. ಅಂಕಲ್ ಹತ್ರ ಕ್ಷಮೆ ಕೇಳೋಕೆ ಬಂದೆ. ಅವರು ಕ್ಷಮೆ ಗಿಮೆ ಬೇಡ, ಕೂತ್ಕೊಂಡು ಕಲಿ ಅಂದ್ರು."

ಲೆಸ್ಲಿ ಅಂಕಲ್ ಒಳಗಿನಿಂದ ಇನ್ನೊಂದು ಸ್ಟೂಲ್ ತಂದು ಹಾಕಿದರು.

ಮೂರು ವರ್ಷ ಕಳೆಯುವಷ್ಟರಲ್ಲಿ ಬೆಂಗಳೂರಿನ ಐದು ಬ್ಯಾಂಡ್‌ಗಳಲ್ಲಿ ಸ್ಟೀಲ್ ಗಿಟಾರ್ ಅಳತೊಡಗಿತ್ತು. ಕೇಳಿದವರಲ್ಲಿ ಹೆಚ್ಚಿನವರಿಗೆ ಲೆಸ್ಲಿ ರೊಜಾರಿಯೊ ಅನ್ನುವ ಹೆಸರೇ ಗೊತ್ತಿರಲಿಲ್ಲ. ನುಡಿಸುವವರಿಗೆ ಗೊತ್ತಿತ್ತು.

*ಅವಮಾನ ಮಾಡಿದವರು ಸೋತು ನಿಂತಾಗ ಅವರನ್ನು ಎತ್ತಿ ಹಿಡಿಯುವವನೇ ನಿಜವಾದ ಗುರು.*

ನಿಮ್ಮ ಸ್ವರ ನಿಂತುಹೋದ ದಿನ ನಿಮಗಾಗಿ ನುಡಿಸಿದವರು ಯಾರು... ಅವರಿಗೆ ನೀವು ಇನ್ನೂ ಥ್ಯಾಂಕ್ಸ್ ಹೇಳಿಲ್ಲವೇ?